ಹೊಸ ಸಾಮಾನು ಕೂರದಿದ್ದಾಗ

ಕಳೆದ ಮಳೆಗಾಲದಲ್ಲಿ ನಮ್ಮ ಶೆಡ್ಡಿಗೆ ಒಂದು ಹಳೆಯ ಜೀಪು ಬಂದಿತ್ತು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ (ಹಿಂಗಾಲಿಗಳ ಕಡೆಗೆ ಶಕ್ತಿ ಒಯ್ಯುವ ಉದ್ದನೆಯ ದಂಡ) ಯು.ಜೆ. ಕ್ರಾಸ್, ಅಂದರೆ ಯೂನಿವರ್ಸಲ್ ಜಾಯಿಂಟ್ ಎಂಬ ಬಾಗುವ ಕೀಲಿನ ನಡುವಿನ ಶಿಲುಬೆಯಾಕಾರದ ತುಂಡು ಸವೆದು, ಗೇರ್ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಕೆಳಗಿನಿಂದ ‘ಠಣ್’ ಎಂಬ ಸದ್ದು. ಮಾಲೀಕರು ತಾವೇ ಹೊಸ ಕ್ರಾಸ್ ತಂದುಕೊಟ್ಟಿದ್ದರು. ಹುಡುಗ ಹಳೆಯದನ್ನು ಬಿಚ್ಚಿ, ಕ್ರಾಸನ್ನು ಹಿಡಿಯುವ ಕವೆಯಾಕಾರದ ಯೋಕಿನ ಕಿವಿಗಳನ್ನು ಒರೆಸಿ, ಹೊಸದರ ನಾಲ್ಕು ತುದಿಗೂ ಬರುವ ಬೇರಿಂಗ್ ಕಪ್ಪುಗಳನ್ನು ಒಂದೊಂದಾಗಿ ಕೂರಿಸತೊಡಗಿದ. ಮೂರು ಸಲೀಸಾಗಿ ಕೂತವು. ನಾಲ್ಕನೆಯದು ಎರಡು ಮಿಲಿಮೀಟರಿನಷ್ಟು ಹೊರಗೇ ನಿಂತಿತು. ಕಪ್ಪು ಜಾರದಂತೆ ಹಿಡಿಯುವ ಸರ್ಕ್ಲಿಪ್ ಎಂಬ ಲಾಕ್ ಉಂಗುರ ಕೂರಬೇಕಾದ ಗ್ರೂವ್ (ಕೊರೆದ ಗಾಡಿ) ಕಾಣುತ್ತಲೇ ಇಲ್ಲ. “ಸಾಮಾನೇ ಸರಿಯಿಲ್ಲ ಅಣ್ಣಾ, ಲೋಕಲ್ ಮಾಲು” ಎಂದವನೇ ದೊಡ್ಡ ಸುತ್ತಿಗೆ ತರಲು ಎದ್ದ.

ಅವನನ್ನು ತಡೆದು ಆ ಕಪ್ಪನ್ನು ಹೊರಗೆ ತೆಗೆಸಿದೆ. ಕಪ್ಪಿನ ಒಳಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತಿರಬೇಕಾದ ಸೂಜಿ ರೋಲರುಗಳಲ್ಲಿ ಒಂದು ಜಾರಿ ತಳದಲ್ಲಿ ಅಡ್ಡ ಮಲಗಿತ್ತು. ಅದರ ದಪ್ಪ ಎಷ್ಟಿತ್ತೋ ಕಪ್ ಹೊರಗೆ ನಿಂತದ್ದೂ ಅಷ್ಟೇ. ಸೂಜಿಯನ್ನು ಎತ್ತಿ ನಿಲ್ಲಿಸಿ, ಗಟ್ಟಿ ಗ್ರೀಸ್ ಮೆತ್ತಿ, ಮತ್ತೆ ತಳ್ಳಿದಾಗ ಕಪ್ ತಾನಾಗಿ ಒಳಗೆ ಹೋಯಿತು. ಸುತ್ತಿಗೆ ಬಿದ್ದಿದ್ದರೆ ಸೂಜಿ ಮುರಿಯುತ್ತಿತ್ತು, ಇಲ್ಲವೇ ಕಪ್ಪಿನ ತಳ ಉಬ್ಬುತ್ತಿತ್ತು. ಹೇಗೋ ಸರ್ಕ್ಲಿಪ್ ಸಿಕ್ಕಿಸಿ ಗಾಡಿ ಕಳಿಸಿದ್ದರೆ ನಾಲ್ಕು ವಾರದಲ್ಲಿ ಅದೇ ಜೀಪು ಅದೇ ಸದ್ದಿನೊಡನೆ ವಾಪಸು ಬರುತ್ತಿತ್ತು. ಬೈಗುಳ ಮಾತ್ರ ಆ ಕ್ರಾಸ್ ಮಾಡಿದವರಿಗೆ ಹೋಗುತ್ತಿತ್ತು.

ಈ ಲೇಖನ ಬರೆಯಲು ಆ ನಾಲ್ಕನೆಯ ಕಪ್ಪೇ ಕಾರಣ. ಹೊಸ ಸಾಮಾನು ಕೂರುವುದಿಲ್ಲ ಎಂದರೆ ಅದು ನಮಗೆ ಏನನ್ನೋ ತಿಳಿಸುತ್ತಿದೆ. ಅಲ್ಲಿ ನಿಂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಬೇರೆ ಗಾಡಿಯ ಸಾಮಾನೇ? ಇದೇ ಗಾಡಿಯದಾದರೂ ಅಳತೆ ತಪ್ಪಿ ತಯಾರಾಗಿದೆಯೇ? ಕೂರಬೇಕಾದ ಜಾಗವೇ ಹಾಳಾಗಿದೆಯೇ? ಅಥವಾ ನಾವು ಕೂರಿಸುತ್ತಿರುವ ರೀತಿಯೇ ತಪ್ಪೇ? ಗ್ಯಾರೇಜುಗಳಲ್ಲಿ ಎರಡನೆಯ ಪ್ರಶ್ನೆಗೆ ಎಲ್ಲರೂ ಮೊದಲು ‘ಹೌದು’ ಎಂದುಬಿಡುತ್ತೇವೆ. ನನ್ನ ಅನುಭವದಲ್ಲಿ ಉತ್ತರ ಹೆಚ್ಚಾಗಿ ಉಳಿದ ಮೂರರಲ್ಲಿ ಸಿಗುತ್ತದೆ.

ಬಾಗಿಲ ಹಿಡಿಯೋ ಬಂಪರೋ ಸ್ವಲ್ಪ ಆಚೀಚೆ ಕೂತರೆ ನೋಡಲು ಕೆಟ್ಟದಾಗಿ ಕಾಣುತ್ತದೆ, ಅಷ್ಟೇ. ಎಂಜಿನ್ನಿನಿಂದ ಗಾಲಿಯವರೆಗೆ ಶಕ್ತಿ ಸಾಗಿಸುವ ಕ್ಲಚ್, ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಎರಡು ಬದಿಯ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಎಕ್ಸೆಲ್‌ಗಳ ಕಥೆ ಬೇರೆ. ಒಂದನೇ ಗೇರಿನ ಅನುಪಾತ 3.5, ಡಿಫರೆನ್ಷಿಯಲ್ಲಿಗೆ ಶಕ್ತಿ ಕೊಡುವ ದೊಡ್ಡ-ಸಣ್ಣ ಗೇರಿನ ಜೋಡಿಯಾದ ಕ್ರೌನ್ ಪಿನಿಯನ್ನಿನದು 4 ಎಂದುಕೊಳ್ಳಿ. ಎಂಜಿನ್ ಕೊಡುವ ತಿರುಚುಬಲ ಗಾಲಿಗೆ ಬರುವಷ್ಟರಲ್ಲಿ ಸುಮಾರು 14 ಪಟ್ಟಾಗಿರುತ್ತದೆ. ಅಷ್ಟು ಬಲವನ್ನು ಹೊತ್ತು ನಿಮಿಷಕ್ಕೆ ನೂರಾರು, ಸಾವಿರಾರು ಸುತ್ತು ತಿರುಗುವ ಭಾಗದಲ್ಲಿ ಕೂದಲೆಳೆಯಷ್ಟು ತಪ್ಪು ಉಳಿದರೂ ಅದು ಶಾಖವಾಗಿ, ಸದ್ದಾಗಿ, ನಡುಕವಾಗಿ ಹೊರಬಂದೇ ಬರುತ್ತದೆ.

‘ಕಂಪನಿ ಸಾಮಾನು’, ‘ಲೋಕಲ್ ಸಾಮಾನು’ ಎಂದು ನಾವು ಎರಡೇ ಭಾಗ ಮಾಡುತ್ತೇವೆ. ಅಂಗಡಿಯ ಕಪಾಟಿನಲ್ಲಿ ಅವು ಇನ್ನೂ ಹೆಚ್ಚು ಬಗೆಯಾಗಿ ಕೂತಿರುತ್ತವೆ. ಬೇರಿಂಗ್, ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಇವನ್ನೆಲ್ಲ ಕಾರು ಕಂಪನಿ ಸಾಮಾನ್ಯವಾಗಿ ತಾನೇ ತಯಾರಿಸುವುದಿಲ್ಲ. ಬೇರೆ ಕಾರ್ಖಾನೆಗಳಿಂದ ತರಿಸಿ ತನ್ನ ಹೆಸರಿನ ಡಬ್ಬದಲ್ಲಿ ಕೊಡುತ್ತದೆ. ಅದೇ ಕಾರ್ಖಾನೆ ತನ್ನದೇ ಡಬ್ಬದಲ್ಲಿ ಮಾರುವ ಸಾಮಾನು ಒಂದು ಬಗೆ. ಹಳೆಯ ಸಾಮಾನನ್ನು ಅಳೆದು, ಅದರಂತೆ ಮಾಡಿ ತನ್ನ ಹೆಸರಿನಲ್ಲೇ ಮಾರುವವರದು ಇನ್ನೊಂದು ಬಗೆ. ಇವರಲ್ಲಿ ಬಹಳ ಒಳ್ಳೆಯವರೂ ಇದ್ದಾರೆ, ಕಳಪೆಯವರೂ ಇದ್ದಾರೆ. ಬೇರೆಯವರ ಹೆಸರು, ಹೊಲೊಗ್ರಾಮ್ ಕದ್ದು ಮಾರುವ ನಕಲಿ ಮೂರನೆಯದು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಎರಡನೆಯ ಬಗೆಯಲ್ಲಿ ಒಂದು ತೊಡಕು ಇದೆ. ದಾಸ್ತಾನು ಕಡಿಮೆಯಾಗಲೆಂದು ನಾಲ್ಕಾರು ಮಾದರಿಗಳಿಗೆ ಒಂದೇ ಸಾಮಾನು ಹೊಂದುವಂತೆ ಮಾಡುತ್ತಾರೆ. ನಾಲ್ಕು ಎಕ್ಸೆಲ್‌ಗಳ ಉದ್ದ ಒಂದೊಂದು ಮಿಲಿಮೀಟರ್ ವ್ಯತ್ಯಾಸವಿದ್ದರೆ ನಡುವಿನ ಒಂದು ಉದ್ದ ಹಿಡಿದು ನಾಲ್ಕಕ್ಕೂ ಅದನ್ನೇ ಕೊಡುತ್ತಾರೆ. ಹೆಚ್ಚಿನ ಸಲ ಅದು ನಡೆಯುತ್ತದೆ. ನಡೆಯದ ಸಲ ಗಾಡಿ ನಮ್ಮ ಶೆಡ್ಡಿನಲ್ಲಿ ಜ್ಯಾಕಿನ ಮೇಲಿರುತ್ತದೆ.

ಹಾಗಾಗಿ ಮೊದಲ ನಿಯಮ: ಕೆಲಸ ಮುಗಿದು ಗಾಡಿ ಓಡಿ ಬರುವವರೆಗೆ ಹಳೆಯ ಸಾಮಾನನ್ನು ಗುಜರಿಗೆ ಹಾಕಬಾರದು. ಸವೆದಿರಲಿ, ಮುರಿದಿರಲಿ, ಸರಿಯಾದ ಅಳತೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಗೋಣಿತಾಟಿನ ಮೇಲೆ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಮಲಗಿಸಿ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿಯಿರಿ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆದಿಟ್ಟುಕೊಳ್ಳುವುದಕ್ಕೆ ಒಂದು ನಿಮಿಷವೂ ಬೇಡ.

ಯು.ಜೆ. ಕ್ರಾಸಿನಲ್ಲಿ ಅಳೆಯಬೇಕಾದದ್ದು ಎರಡು: ಕಪ್ಪಿನ ವ್ಯಾಸ, ಎದುರುಬದುರಿನ ಕಪ್ಪುಗಳ ಹೊರತುದಿಯಿಂದ ಹೊರತುದಿಗೆ ಇರುವ ಉದ್ದ. ಒಂದನ್ನೇ ಅಳೆದು ಅಂಗಡಿಗೆ ಹೋದರೆ ಮೋಸ ಹೋಗುತ್ತೀರಿ. ಸ್ಪೈಸರ್ ಎಂಬ ಹೆಸರಿನ ಶ್ರೇಣಿಯ 1310 ಸಂಖ್ಯೆಯ ಕ್ರಾಸಿಗೆ ಕಪ್ 27 ಮಿ.ಮೀ., ಉದ್ದ ಸುಮಾರು 82 ಮಿ.ಮೀ. 1330ಕ್ಕೂ ಕಪ್ 27 ಮಿ.ಮೀ.ಯೇ, ಆದರೆ ಉದ್ದ 92. ಇನ್ನು 1350ಕ್ಕೆ ಉದ್ದ ಅದೇ 92, ಕಪ್ ಮಾತ್ರ 30 ಮಿ.ಮೀ. ಚಿಲ್ಲರೆ. ಕಪ್ ನೋಡಿದರೆ ಮೊದಲೆರಡು ಒಂದೇ, ಉದ್ದ ನೋಡಿದರೆ ಕೊನೆಯೆರಡು ಒಂದೇ. ಸರ್ಕ್ಲಿಪ್ ಕಪ್ಪಿನ ಹೊರಗಡೆ ಯೋಕಿನ ಕಿವಿಯಲ್ಲಿ ಕೂರುತ್ತದೆಯೇ, ಒಳಗಡೆ ಕಪ್ಪಿನ ಮೇಲೆಯೇ ಕೂರುತ್ತದೆಯೇ ಎಂಬುದನ್ನೂ ನೋಡಬೇಕು. ಅಳತೆ ಒಂದೇ ಇದ್ದು ಲಾಕಿನ ರೀತಿ ಬೇರೆಯಾದರೂ ಕ್ರಾಸ್ ಕೆಲಸಕ್ಕೆ ಬರುವುದಿಲ್ಲ.

ಅಳತೆ ಸರಿಯಿದ್ದೂ ಕೂರದಿದ್ದರೆ ಕಪ್ ಎಷ್ಟು ಹೊರಗೆ ನಿಂತಿದೆ ಎಂಬುದೇ ದಾರಿ ತೋರಿಸುತ್ತದೆ. ಎರಡು ಮೂರು ಮಿಲಿಮೀಟರ್ ಎಂದರೆ ಬಿದ್ದ ಸೂಜಿ. ಅರ್ಧ ಮಿಲಿಮೀಟರಿಗಿಂತ ಕಡಿಮೆ ಎಂದರೆ ಎದುರಿನ ಕಪ್ ಪೂರ್ತಿ ಸರಿದಿಲ್ಲ, ಇಲ್ಲವೇ ಗ್ರೂವಿನಲ್ಲಿ ತುಕ್ಕಿನ ಚೂರು, ಹಳೆಯ ಸರ್ಕ್ಲಿಪ್ಪಿನ ತುಣುಕು ಉಳಿದಿದೆ. ಕಪ್ ಬಾಯಿಯಲ್ಲೇ ಸಿಕ್ಕಿಕೊಂಡರೆ ಹಳೆಯದನ್ನು ಹೊಡೆದು ತೆಗೆಯುವಾಗ ಕಿವಿಯ ಅಂಚಿನಲ್ಲಿ ಮುಳ್ಳು ಎದ್ದಿರುತ್ತದೆ. ಸಣ್ಣ ಅರದಿಂದ ಆ ಮುಳ್ಳನ್ನಷ್ಟೇ ತೆಗೆಯಬೇಕು, ರಂಧ್ರವನ್ನು ಉಜ್ಜಿ ದೊಡ್ಡದು ಮಾಡಬಾರದು. ಹೊಡೆತಕ್ಕೆ ಕಿವಿಯೇ ಒಳಗೆ ಬಾಗಿದ್ದರೆ ಎರಡು ರಂಧ್ರಗಳು ಒಂದೇ ನೇರದಲ್ಲಿ ಇರುವುದಿಲ್ಲ. ಆಗ ಯೋಕನ್ನೇ ಬದಲಿಸದೆ ಬೇರೆ ದಾರಿಯಿಲ್ಲ.

ಕೂತ ಮೇಲೆ ಜಾಯಿಂಟನ್ನು ಕೈಯಲ್ಲಿ ನಾಲ್ಕೂ ಕಡೆ ಬಗ್ಗಿಸಿ ನೋಡಿ. ಹೊಸದಕ್ಕೆ ತುಸು ಬಿಗುವು ಸಹಜ, ಆದರೆ ಎರಡೂ ದಿಕ್ಕಿನಲ್ಲಿ ಒಂದೇ ಸಮ ಇರಬೇಕು. ಒಂದು ಕಡೆ ಮಾತ್ರ ಬಿಗಿಯಾಗಿದ್ದರೆ ಕಪ್ಪಿನ ಮೇಲೆ ಹೊಡೆಯದೆ ಯೋಕಿನ ಕಿವಿಗೆ ಹಿತ್ತಾಳೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕಪ್ ಹೊರಗೆ ಸರಿದು ಸರ್ಕ್ಲಿಪ್ಪಿಗೆ ಒರಗಿ ಕೂರುತ್ತದೆ, ಬಿಗುವು ಬಿಡುತ್ತದೆ. ಗ್ರೀಸ್ ತುಂಬುವ ಬಾಯಿ, ಅಂದರೆ ನಿಪ್ಪಲ್, ಗ್ರೀಸ್ ಗನ್ನಿಗೆ ಎಟುಕುವ ದಿಕ್ಕಿನಲ್ಲಿದೆಯೇ ಎಂದು ಶಾಫ್ಟ್ ಮೇಲೇರಿಸುವ ಮುನ್ನವೇ ನೋಡಿಕೊಳ್ಳಿ.

ಇಲ್ಲಿ ಇನ್ನೊಂದು ತಪ್ಪು ಹೊಸ ಸಾಮಾನಿನ ತಲೆಗೆ ಸುತ್ತಿಕೊಳ್ಳುತ್ತದೆ. ಕ್ರಾಸ್ ಬದಲಿಸಿದ ಮೇಲೆ ಗಾಡಿ ನಡುಗತೊಡಗುತ್ತದೆ, ‘ಲೋಕಲ್ ಹಾಕಿದ್ದಕ್ಕೆ ಹೀಗಾಯಿತು’ ಎನ್ನುತ್ತಾರೆ. ಈ ಜಾಯಿಂಟಿಗೆ ಹುಟ್ಟುಗುಣವೊಂದಿದೆ. ಕೋನದಲ್ಲಿ ತಿರುಗುವಾಗ ಒಳಬರುವ ವೇಗ ಒಂದೇ ಸಮನಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಮೇಲಕ್ಕೂ ಕೆಳಕ್ಕೂ ಸುಮಾರು ಶೇ. 1.5. ಶಾಫ್ಟ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ 4000 ಸಣ್ಣ ಎಳೆತಗಳಾದವು. ಶಾಫ್ಟಿನ ಇನ್ನೊಂದು ತುದಿಯ ಜಾಯಿಂಟ್ ಅದಕ್ಕೆ ತದ್ವಿರುದ್ಧವಾಗಿ ಏರಿಳಿದು ಮೊದಲನೆಯದನ್ನು ಅಳಿಸಿಹಾಕುತ್ತದೆ. ಆದರೆ ಶಾಫ್ಟಿನ ಎರಡು ತುದಿಯ ಯೋಕ್‌ಗಳು ಒಂದೇ ನೇರದಲ್ಲಿ ಇದ್ದರೆ ಮಾತ್ರ ಹೀಗಾಗುತ್ತದೆ. ನಡುವಿನ ಸ್ಲಿಪ್ ಜಾಯಿಂಟನ್ನು (ಹಲ್ಲುಗಳ ಮೇಲೆ ಉದ್ದಕ್ಕೆ ಜಾರುವ ಜೋಡಣೆ) ಬಿಚ್ಚಿ ಒಂದು ಹಲ್ಲು ಆಚೀಚೆ ಸೇರಿಸಿದರೂ ಲೆಕ್ಕ ಕೆಡುತ್ತದೆ. ಬಿಚ್ಚುವ ಮುನ್ನ ಎರಡು ಭಾಗಕ್ಕೂ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆದಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ಮುಂಗಾಲಿ ಎಳೆಯುವ ಕಾರುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಇರುವುದಿಲ್ಲ. ಮಾರುತಿ 800 ರಸ್ತೆಗಿಳಿದ 1983ರಿಂದ ಈ ಬಗೆಯ ಕಾರುಗಳು ನಮ್ಮಲ್ಲಿ ಮನೆಮಾತಾದವು. ಇವುಗಳಲ್ಲಿ ಗೇರ್ ಬಾಕ್ಸಿನಿಂದ ನೇರವಾಗಿ ಎರಡು ಎಕ್ಸೆಲ್‌ಗಳು ಗಾಲಿಗೆ ಹೋಗುತ್ತವೆ. ಗಾಲಿಯ ಕಡೆ ಸಾಮಾನ್ಯವಾಗಿ ಆರು ಗುಂಡುಗಳ ಸಿ.ವಿ. ಜಾಯಿಂಟ್ (ಕೋನದಲ್ಲೂ ಒಂದೇ ವೇಗದಲ್ಲಿ ತಿರುಗಿಸುವ ಕೀಲು), ಗೇರ್ ಬಾಕ್ಸಿನ ಕಡೆ ಒಳಗೂ ಹೊರಗೂ ಜಾರಬಲ್ಲ ಜಾಯಿಂಟ್. ರಬ್ಬರ್ ಬೂಟ್ ಹರಿದು ಮಣ್ಣು ಹೊಕ್ಕು ಕೆಟ್ಟಾಗ ಪೂರ್ತಿ ಎಕ್ಸೆಲ್ ಬದಲಿಸುವುದು ಈಗಿನ ರೂಢಿ. ಕಂಪನಿಯದಲ್ಲದ ಸಾಮಾನು ಕೂರದೆ ನಮ್ಮನ್ನು ಹೆಚ್ಚು ಗೋಳು ಹುಯ್ದುಕೊಳ್ಳುವುದೂ ಇಲ್ಲಿಯೇ.

ಹಳೆಯದು ಹೊಸದು ಎರಡನ್ನೂ ಮಲಗಿಸಿ ಒಳಜಾಯಿಂಟನ್ನು ಪೂರ್ತಿ ಒತ್ತಿದಾಗಿನ ಉದ್ದ ಮತ್ತು ಎಳೆದಾಗಿನ ಉದ್ದ ಎರಡನ್ನೂ ಅಳೆಯಿರಿ. ಎಡ ಬಲದ ಎಕ್ಸೆಲ್‌ಗಳ ಉದ್ದ ಬೇರೆ ಬೇರೆ ಇರುವ ಕಾರುಗಳೇ ಹೆಚ್ಚು, ಡಬ್ಬದ ಮೇಲೆ ತಪ್ಪು ಚೀಟಿ ಬಿದ್ದಿರುವುದನ್ನೂ ನೋಡಿದ್ದೇನೆ. ಆಮೇಲೆ ಎಕ್ಸೆಲ್ ತುದಿಯ ಸುತ್ತ ಉದ್ದಕ್ಕೆ ಕೊರೆದ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ. ಒಂದು ಹಲ್ಲಿಗೆ ಬಣ್ಣದ ಚುಕ್ಕೆ ಇಟ್ಟು ಅಲ್ಲಿಂದ ಸುತ್ತು ಬನ್ನಿ. 23ಕ್ಕೂ 24ಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ತುದಿಯ ಮರೆಗೆ (ನಟ್ ತಿರುಗುವ ಸುರುಳಿ ಗೆರೆಗಳಿಗೆ) ಹಳೆಯ ನಟ್ಟನ್ನೇ ಹಾಕಿ ನೋಡಿ, ಬೆರಳಲ್ಲೇ ತಿರುಗುತ್ತ ಹೋಗಬೇಕು. ಎರಡು ಸುತ್ತು ಹೋಗಿ ಬಿಗಿಯಾಯಿತೆಂದರೆ ಮರೆಯ ಅಂತರ ಬೇರೆ, ಸ್ಪ್ಯಾನರ್ ಹಾಕಿ ಎಳೆದರೆ ನಟ್ಟೂ ಹೋಯಿತು, ಎಕ್ಸೆಲ್ ತುದಿಯೂ ಹೋಯಿತು. ಆಯಿಲ್ ಸೀಲ್ ಒರಗುವ ನಯವಾದ ಭಾಗದ ವ್ಯಾಸವನ್ನು ಎಲ್ಲರೂ ಮರೆಯುತ್ತಾರೆ. ಅದು ಅರ್ಧ ಮಿಲಿಮೀಟರ್ ಕಡಿಮೆಯಿದ್ದರೆ ಎಕ್ಸೆಲ್ ಚಂದವಾಗಿ ಕೂರುತ್ತದೆ, ಗೇರ್ ಆಯಿಲ್ ಮಾತ್ರ ನೆಲದ ಮೇಲಿರುತ್ತದೆ.

ಬ್ರೇಕ್ ಹಾಕಿದಾಗ ಗಾಲಿ ಕಟ್ಟಿ ಜಾರದಂತೆ ತಡೆಯುವ ಎ.ಬಿ.ಎಸ್. ಇರುವ ಕಾರಾದರೆ ಹೊರಜಾಯಿಂಟಿನ ಸುತ್ತ ಹಲ್ಲಿನ ಉಂಗುರವಿದೆಯೇ ನೋಡಿ, ಇದ್ದರೆ ಅದನ್ನೂ ಎಣಿಸಿ. ಗಾಲಿಯ ವೇಗವನ್ನು ಸೆನ್ಸರ್ ಲೆಕ್ಕ ಹಾಕುವುದು ಈ ಹಲ್ಲುಗಳಿಂದ. ಒಂದು ಗಾಲಿಯಲ್ಲಿ ಸಂಖ್ಯೆ ಬೇರೆಯಾದರೆ ಆ ಗಾಲಿ ಉಳಿದವುಗಳಿಗಿಂತ ಬೇಗ ಅಥವಾ ನಿಧಾನ ತಿರುಗುತ್ತಿದೆಯೆಂದು ಕಂಪ್ಯೂಟರ್ ನಂಬುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಉಂಗುರದ ಬದಲು ವೀಲ್ ಬೇರಿಂಗಿನ ಒಂದು ಮುಖದಲ್ಲೇ ಕಾಂತಪಟ್ಟಿ ಇರುತ್ತದೆ. ಆ ಮುಖ ಸೆನ್ಸರಿನ ಕಡೆಗೇ ಬರಬೇಕು. ಎರಡೂ ಮುಖಗಳು ನೋಡಲು ಒಂದೇ ಥರ ಇರುವುದರಿಂದ ತಿರುಗುಮುರುಗಾಗುವುದು ಬಹಳ ಸುಲಭ. ಕಾಗದಕ್ಕೆ ಹಾಕುವ ಸಣ್ಣ ಕಬ್ಬಿಣದ ಕ್ಲಿಪ್ಪನ್ನು ಎರಡೂ ಮುಖಕ್ಕೆ ತಾಗಿಸಿ ನೋಡಿ, ಅಂಟಿಕೊಂಡ ಕಡೆ ಕಾಂತಪಟ್ಟಿ.

ಎಲ್ಲ ಅಳತೆಯೂ ಸರಿಯಿದೆ, ಆದರೂ ಎಕ್ಸೆಲ್ ಗೇರ್ ಬಾಕ್ಸಿನೊಳಗೆ ಕೊನೆಯ ಒಂದು ಸೆಂಟಿಮೀಟರ್ ಹೋಗುತ್ತಿಲ್ಲ. ಇದು ಬಹಳ ಸಾಮಾನ್ಯವಾದ ದೂರು. ಒಳತುದಿಯಲ್ಲಿ ತೆಳುವಾದ ತಂತಿಯ ಉಂಗುರವೊಂದಿದೆ, ಅದು ಮುದುಡಿಕೊಂಡು ಡಿಫರೆನ್ಷಿಯಲ್ ಗೇರಿನೊಳಗೆ ಹೋಗಿ ಅಲ್ಲಿ ಅರಳಿ ಲಾಕ್ ಆಗಬೇಕು. ಉಂಗುರ ಒಂದು ಕಡೆಗೆ ಜೋತುಬಿದ್ದಿದ್ದರೆ ಅಂಚಿಗೆ ತಗಲಿ ನಿಲ್ಲುತ್ತದೆ. ಗ್ರೀಸ್ ಮೆತ್ತಿ ಉಂಗುರವನ್ನು ನಡುವಿಗೆ ತಂದು, ಎಕ್ಸೆಲ್ಲನ್ನು ನೇರವಾಗಿ ಹಿಡಿದು, ಸ್ವಲ್ಪ ತಿರುಗಿಸಿ ಹಲ್ಲು ಹೊಂದಿಸಿಕೊಂಡು, ಒಂದೇ ಬೀಸಿಗೆ ಒಳಗೆ ತಳ್ಳಿದರೆ ‘ಟಕ್’ ಎಂದು ಕೂರುತ್ತದೆ. ಆ ಸದ್ದು ಬೆರಳಿಗೂ ತಿಳಿಯುತ್ತದೆ. ಬಾರದಿದ್ದರೆ ಹಳೆಯ ಎಕ್ಸೆಲ್ಲಿನ ತುದಿ ನೋಡಿ. ಅದರಲ್ಲಿ ಉಂಗುರ ಇಲ್ಲದಿದ್ದರೆ ಅದು ಗೇರಿನೊಳಗೇ ಉಳಿದಿದೆ, ಅದನ್ನು ತೆಗೆಯದೆ ಹೊಸದಕ್ಕೆ ಜಾಗವಿಲ್ಲ. ಅರ್ಧ ಕೂತದ್ದನ್ನೇ ಕೂತಿತೆಂದು ಗಾಡಿ ಹೊರಡಿಸಿದರೆ ಹಲ್ಲಿನ ತುದಿಯಷ್ಟೇ ಹಿಡಿದಿರುತ್ತದೆ. ಯಾವುದೋ ಏರಿನಲ್ಲಿ ಎಕ್ಸೆಲ್ ಹೊರಜಾರಿ ಗಾಡಿ ನಿಲ್ಲುತ್ತದೆ.

ಉದ್ದ ಹೆಚ್ಚಾದ ಎಕ್ಸೆಲ್ ಜ್ಯಾಕಿನ ಮೇಲೆ ಯಾವ ತಕರಾರೂ ಮಾಡದೆ ಕೂತುಬಿಡಬಹುದು, ಏಕೆಂದರೆ ಆಗ ಗಾಲಿ ಕೆಳಗೆ ಜೋತಾಡುತ್ತಿರುತ್ತದೆ. ಕಾರು ನೆಲಕ್ಕಿಳಿದು ಸಸ್ಪೆನ್ಷನ್ ಒತ್ತಿಕೊಂಡಾಗ ಗಾಲಿಗೂ ಗೇರ್ ಬಾಕ್ಸಿಗೂ ನಡುವಿನ ಅಂತರ ಬದಲಾಗುತ್ತದೆ. ಒಳಜಾಯಿಂಟಿಗೆ ಜಾರಲು ಜಾಗ ಉಳಿಯದಿದ್ದರೆ ಪ್ರತಿ ಹಳ್ಳಕ್ಕೂ ಎಕ್ಸೆಲ್ ಡಿಫರೆನ್ಷಿಯಲ್ಲನ್ನು ಗುದ್ದುತ್ತದೆ. ಸಸ್ಪೆನ್ಷನ್ನಿನ ಕೆಳಗಿನ ತೋಳಿಗೆ ಇನ್ನೊಂದು ಜ್ಯಾಕ್ ಕೊಟ್ಟು, ಕಾರು ನೆಲದ ಮೇಲಿದ್ದಾಗ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟಕ್ಕೆ ಎತ್ತಿ, ಎಕ್ಸೆಲ್ಲನ್ನು ಕೈಯಲ್ಲಿ ಆಚೀಚೆ ಆಡಿಸಿ ನೋಡಿ. ಎರಡೂ ಕಡೆಗೆ ಒಂದಿಷ್ಟು ಆಡಬೇಕು. ಆಡದಿದ್ದರೆ ಅದು ನಿಮ್ಮ ಕಾರಿನದಲ್ಲ, ಡಬ್ಬದ ಮೇಲೆ ಏನೇ ಬರೆದಿರಲಿ.

ಕ್ಲಚ್ ಕೆಲಸದ ಬಗ್ಗೆ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ: ಗೇರ್ ಬಾಕ್ಸ್ ಇನ್ನೂ ನೆಲದ ಮೇಲಿರುವಾಗಲೇ ಹೊಸ ಕ್ಲಚ್ ಪ್ಲೇಟನ್ನು ಅದರ ಶಾಫ್ಟಿಗೆ ತೂರಿಸಿ ನೋಡಿ. ತನ್ನ ಭಾರಕ್ಕೇ ಜಾರುವಂತಿರಬೇಕು. ಬಿಗಿಯಾದರೆ ಪ್ಲೇಟ್ ಎಂಜಿನ್ನಿನ ಫ್ಲೈವೀಲ್ (ಭಾರದ ಚಕ್ರ) ಬಿಟ್ಟು ಸರಿಯುವುದಿಲ್ಲ, ಪೆಡಲ್ ಪೂರ್ತಿ ತುಳಿದರೂ ಗೇರ್ ಕಿರುಗುಟ್ಟುತ್ತದೆ. ಹೆಚ್ಚು ಸಡಿಲವಾದರೆ ಹಲ್ಲು ತಿನ್ನುತ್ತದೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಮಾಡದಿದ್ದರೆ ಇಡೀ ಗೇರ್ ಬಾಕ್ಸನ್ನು ಇನ್ನೊಮ್ಮೆ ಇಳಿಸಬೇಕು. ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಯಾವುದೆಂದು ಬರೆದಿರುತ್ತದೆ. ಬರಹವಿಲ್ಲದ ಪ್ಲೇಟ್ ಬಂದರೆ ಹಳೆಯದನ್ನು ನೋಡಿಯೇ ದಿಕ್ಕು ತೀರ್ಮಾನಿಸಬೇಕು. ತಿರುಗಿಸಿ ಹಾಕಿದರೆ ಹಬ್ಬಿನ ಉಬ್ಬು ಫ್ಲೈವೀಲ್ ಬೋಲ್ಟುಗಳಿಗೆ ಉಜ್ಜುತ್ತದೆ.

ಗೇರ್ ಬಾಕ್ಸ್ ಎಂಜಿನ್ನಿಗೆ ಸೇರುವಾಗ ಕೊನೆಯ ಹತ್ತು ಮಿಲಿಮೀಟರ್ ಅಂತರ ಮುಚ್ಚದಿದ್ದರೆ ಬೋಲ್ಟ್ ಬಿಗಿದು ಎಳೆದು ಕೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಅಲ್ಲಿ ಪ್ಲೇಟ್ ನಡುವಿಗೆ ಬಂದಿಲ್ಲ, ಇಲ್ಲವೇ ಎರಡನ್ನೂ ನೇರಕ್ಕೆ ತರುವ ಡೋವೆಲ್ ಪಿನ್ ಸೇರಿಲ್ಲ, ಇಲ್ಲವೇ ಗೇರ್ ಬಾಕ್ಸ್ ಶಾಫ್ಟಿನ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗಿನ ಅಳತೆ ಬೇರೆ. ಬೋಲ್ಟಿನಿಂದ ಎಳೆದರೆ ಅಲ್ಯೂಮಿನಿಯಂ ಹೌಸಿಂಗಿನ ಕಿವಿ ಮುರಿಯುತ್ತದೆ ಅಥವಾ ಪ್ಲೇಟಿನ ಹಬ್ ಬಾಗುತ್ತದೆ. ಬಾಗಿದ ಪ್ಲೇಟ್ ಕಣ್ಣಿಗೆ ಕಾಣುವುದಿಲ್ಲ. ತಿರುಗಿಸಿ ಡಯಲ್ ಗೇಜ್ ಹಿಡಿದರೆ ಅಂಚು ಅರ್ಧ ಮಿಲಿಮೀಟರಿಗಿಂತ ಹೆಚ್ಚು ತೊನೆದರೂ ಅನುಮಾನಿಸಬೇಕು. ಇನ್ನೊಂದು ವಿಷಯ ಲೇತಿನವರಿಗೂ ನೆನಪಿಸಬೇಕು: ಕೆಲವು ಫ್ಲೈವೀಲ್‌ಗಳಲ್ಲಿ ಪ್ಲೇಟ್ ಒರಗುವ ಮುಖ ಒಂದು ಮಟ್ಟದಲ್ಲಿ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಬೋಲ್ಟ್ ಆಗುವ ಮೆಟ್ಟಿಲು ಇನ್ನೊಂದು ಮಟ್ಟದಲ್ಲಿ ಇರುತ್ತದೆ. ಮುಖವನ್ನು ಕೆರೆದಷ್ಟೇ ಮೆಟ್ಟಿಲನ್ನೂ ಕೆರೆಯಬೇಕು. ಇಲ್ಲವಾದರೆ ಒತ್ತಡ ಕಡಿಮೆಯಾಗಿ ಹೊಸ ಕ್ಲಚ್ ಮೊದಲ ದಿನವೇ ಜಾರುತ್ತದೆ, ಪ್ಲೇಟ್ ಮಾರಿದವರ ಮೇಲೆ ತಪ್ಪು ಬೀಳುತ್ತದೆ.

ಬೇರಿಂಗಿನ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ, ಅದರ ಮೈಮೇಲೆಯೇ ಜಾತಕ ಬರೆದಿರುತ್ತದೆ. 6205 ಎಂದಿದ್ದರೆ ಕೊನೆಯ ಎರಡು ಅಂಕಿ 05ನ್ನು ಐದರಿಂದ ಗುಣಿಸಿ, ಒಳವ್ಯಾಸ 25 ಮಿ.ಮೀ. 04ರಿಂದ ಮುಂದಕ್ಕೆ ಈ ಲೆಕ್ಕ ನಡೆಯುತ್ತದೆ. 6205ರ ಹೊರವ್ಯಾಸ 52, ಅಗಲ 15. 6305ಕ್ಕೂ ಒಳವ್ಯಾಸ 25ಯೇ, ಆದರೆ ಹೊರವ್ಯಾಸ 62, ಅಗಲ 17. ಸಂಖ್ಯೆಯ ನಂತರ ಬರುವ ಅಕ್ಷರಗಳನ್ನು ಬಿಟ್ಟು ಓದುವುದು ದೊಡ್ಡ ತಪ್ಪು. 2ಆರ್‌ಎಸ್ ಎಂದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಎಂದರೆ ಎರಡೂ ಕಡೆ ತಗಡಿನ ಮುಚ್ಚಳ. ಸಿ3 ಎಂದರೆ ಗುಂಡುಗಳಿಗೆ ಒಳಗೆ ಮಾಮೂಲಿಗಿಂತ ಹೆಚ್ಚು ಸಡಿಲ ಇಟ್ಟಿದ್ದಾರೆ, ಬಿಸಿಯಾಗಿ ಹಿಗ್ಗಿದಾಗಲೂ ಸರಾಗವಾಗಿ ತಿರುಗಲೆಂದು. ಸಿ3 ಇದ್ದ ಜಾಗಕ್ಕೆ ಸಾದಾ ಬೇರಿಂಗ್ ಹಾಕಿದರೆ ಅದು ಕೂರುತ್ತದೆ, ತಿರುಗುತ್ತದೆ, ಬಿಸಿಯಾದ ಮೇಲೆ ಹಿಡಿಯುತ್ತದೆ. ಕೂತದ್ದೆಲ್ಲ ಸರಿಯಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಶಾಫ್ಟಿನ ಮೇಲೆ ಬೇರಿಂಗ್ ಬಿಗಿಯಾಗಿ ಕೂರಬೇಕೆಂದೇ ಶಾಫ್ಟನ್ನು ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಇಟ್ಟಿರುತ್ತಾರೆ. ಮನುಷ್ಯನ ಕೂದಲೆಳೆ ಸುಮಾರು 70 ಮೈಕ್ರಾನ್, ಇಲ್ಲಿನ ಮಾತು ಅದರ ಕಾಲು ಭಾಗದ್ದು. ಆದ್ದರಿಂದ ಬಿಗಿಯೆಂದ ಮಾತ್ರಕ್ಕೆ ಸಾಮಾನು ತಪ್ಪಲ್ಲ. ಬೇರಿಂಗನ್ನು ಎಣ್ಣೆಯಲ್ಲಿ ಕಾಯಿಸಿ, 120 ಡಿಗ್ರಿ ದಾಟಿಸಬೇಡಿ. 25 ಮಿ.ಮೀ. ರಂಧ್ರ 80 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 24 ಮೈಕ್ರಾನ್ ಹಿಗ್ಗುತ್ತದೆ, ಬಿಗಿದಿದ್ದ ಬೇರಿಂಗ್ ಜಾರಿ ಕೂರುತ್ತದೆ. ಪ್ರೆಸ್ಸಿನಲ್ಲಿ ಒತ್ತುವುದಾದರೆ ಶಾಫ್ಟಿಗೆ ಹಾಕುವಾಗ ಒಳ ಉಂಗುರವನ್ನು, ಹೌಸಿಂಗಿಗೆ ಹಾಕುವಾಗ ಹೊರ ಉಂಗುರವನ್ನು ಮಾತ್ರ ಒತ್ತಬೇಕು. ತಪ್ಪು ಉಂಗುರವನ್ನು ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹೋಗಿ ಅವು ಓಡುವ ಹಳಿಯಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಹೊಸ ಬೇರಿಂಗ್ ಮೊದಲ ಕಿಲೋಮೀಟರಿನಿಂದಲೇ ಗುಂಯ್‌ಗುಡುವುದು ಇದರಿಂದ.

ಬಿಗಿಗಿಂತ ಅಪಾಯಕಾರಿ ಸಡಿಲ. ಬಿಗಿಯಾಗಬೇಕಾದ ಬೇರಿಂಗ್ ಬೆರಳಲ್ಲೇ ಜಾರಿ ಕೂತರೆ ಹಳೆಯ ಬೇರಿಂಗ್ ಶಾಫ್ಟಿನ ಮೇಲೆ ತಿರುಗಿ ತಿರುಗಿ ಶಾಫ್ಟನ್ನೇ ಸವೆಸಿದೆ ಎಂದರ್ಥ. ಆಗ ಪಂಚ್ ಹಿಡಿದು ಶಾಫ್ಟಿನ ಸುತ್ತ ಚುಕ್ಕೆ ಹೊಡೆದು ಮುಳ್ಳೆಬ್ಬಿಸುವ, ತಗಡು ಸುತ್ತುವ ಹಳೆಯ ಉಪಾಯಗಳಿವೆ. ನಾನೂ ಕಲಿಯುವಾಗ ಅದನ್ನು ಮಾಡಿದವನೇ. ಆ ಮುಳ್ಳಿನ ತುದಿಗಳು ಕೆಲವೇ ದಿನದಲ್ಲಿ ಚಪ್ಪಟೆಯಾಗಿ ಬೇರಿಂಗ್ ಮತ್ತೆ ತಿರುಗತೊಡಗುತ್ತದೆ. ಶಾಫ್ಟಿಗೆ ಲೋಹ ತುಂಬಿಸಿ ಅಳತೆಗೆ ತಿರುವಿಸಬೇಕು ಅಥವಾ ಶಾಫ್ಟನ್ನೇ ಬದಲಿಸಬೇಕು.

ಆಯಿಲ್ ಸೀಲಿನ ಮೇಲೆ 35-52-8 ಎಂಬಂತೆ ಬರೆದಿರುತ್ತದೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಇರಬೇಕು. ತುಟಿಯ ಮೇಲೆ ಬಾಣದ ಗುರುತಿದ್ದರೆ ಅದು ಶಾಫ್ಟ್ ತಿರುಗುವ ದಿಕ್ಕು, ಎಡ ಬಲ ಅದಲುಬದಲಾದರೆ ಸೋರುತ್ತದೆ. ಹಳೆಯ ಸೀಲ್ ಶಾಫ್ಟಿನ ಮೇಲೆ ಉಗುರಿಗೆ ಸಿಗುವಂಥ ಗೆರೆ ಕೊರೆದಿದ್ದರೆ ಜಾಗವಿದ್ದಲ್ಲಿ ಹೊಸದನ್ನು ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಿ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ಹೊಂದಿಸಿದ ಗೇರುಗಳು. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೊರೆದಿರಬೇಕು. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತಂದು ಸೇರಿಸಿದರೆ ಅಂತರ ಹೊಂದಿಸುವ ತೆಳುಬಿಲ್ಲೆಯಾದ ಶಿಮ್ ಯಾವುದನ್ನು ಹಾಕಿದರೂ ಕೂಗು ನಿಲ್ಲುವುದಿಲ್ಲ. ಹಲ್ಲುಗಳನ್ನು ಎಣಿಸಿ ಭಾಗಿಸಿದರೆ ಅನುಪಾತ ಸಿಗುತ್ತದೆ. 43ಕ್ಕೆ 8 ಹಲ್ಲಿದ್ದರೆ 5.375, ಹಳೆಯ ವಿಲ್ಲಿಸ್ ಜೀಪಿನದು. ನಾಲ್ಕು ಗಾಲಿಗೂ ಎಳೆತವಿರುವ ಗಾಡಿಯಲ್ಲಿ ಹಿಂದೆ ಒಂದು ಅನುಪಾತ, ಮುಂದೆ ಇನ್ನೊಂದಾದರೆ ಮುಂಗಾಲಿಗಳ ಎಳೆತ ಹಾಕಿದೊಡನೆ ಎರಡು ಎಕ್ಸೆಲ್‌ಗಳು ಒಂದನ್ನೊಂದು ಎಳೆದಾಡಿ, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಸಿಕ್ಕಿಕೊಳ್ಳುತ್ತದೆ. ಈ ಕೆಲಸ ಮಾಡುವವರು ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಅಚ್ಚು ಎಲ್ಲಿ ಬೀಳುತ್ತದೆಂದು ನೋಡಿ ಶಿಮ್ ಬದಲಿಸುತ್ತಾರೆ. ತಾಳ್ಮೆಯುಳ್ಳವರಿಂದ ಮಾತ್ರ ಮಾಡಿಸಿ.

ಹಾಗಾದರೆ ಸಾಮಾನು ನಿಜವಾಗಿಯೂ ತಪ್ಪೆಂದು ಯಾವಾಗ ಹೇಳುವುದು? ಅಳತೆ ಹಳೆಯದಕ್ಕೆ ತಾಳೆಯಾಗದಿದ್ದಾಗ. ಅದನ್ನು ಅಂಗಡಿಯವರಿಗೆ ತೋರಿಸಬೇಕಾದರೆ ಸಾಮಾನು ಹೊಸದಾಗಿಯೇ ಇರಬೇಕು. ಸುತ್ತಿಗೆಯ ಗುರುತು ಬಿದ್ದ, ಅರ ಹಾಕಿದ, ಗ್ರೀಸ್ ಮೆತ್ತಿದ ಸಾಮಾನನ್ನು ಯಾರೂ ವಾಪಸು ಪಡೆಯುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬರೀ ಗಾಡಿಯ ಹೆಸರು ಹೇಳಿ ಸಾಮಾನು ಕೇಳಬೇಡಿ. ಒಂದೇ ಹೆಸರಿನ ಕಾರು ಪೆಟ್ರೋಲಿನಲ್ಲಿ ಒಂದು ಕ್ಲಚ್, ಡೀಸೆಲಿನಲ್ಲಿ ಇನ್ನೊಂದು ಹೊತ್ತಿರುತ್ತದೆ. ಒಂದೇ ವರ್ಷದ ನಡುವೆ ಸ್ಪ್ಲೈನ್ ಬದಲಾದದ್ದೂ ಉಂಟು. ಆರ್.ಸಿ.ಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ನೋಂದಣಿಯ ವರ್ಷವನ್ನು ಬಿಟ್ಟು ಅದನ್ನು ಹೇಳಿ. ಚಾಸಿ ಸಂಖ್ಯೆ ಕೊಡಿ, ಈಚಿನ ಗಾಡಿಗಳಾದರೆ ಅದರಲ್ಲಿ 17 ಅಕ್ಷರ ಅಂಕಿಗಳಿರುತ್ತವೆ. ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಇರುವುದೇ ಇಲ್ಲವಾದ್ದರಿಂದ ಗುಂಡಗೆ ಕಂಡದ್ದನ್ನು ಸೊನ್ನೆಯೆಂದೇ ಓದಿ. ಹಳೆಯ ಸಾಮಾನನ್ನು ಕೈಯಲ್ಲಿ ಹಿಡಿದೇ ಹೋಗಿ, ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಪಾರ್ಟ್ ಸಂಖ್ಯೆ ಬರೆಸಿ.

ಎಲ್ಲವೂ ಕೂತು ಗಾಡಿ ರಸ್ತೆಗಿಳಿದ ಮೇಲೆ ಸದ್ದನ್ನು ಕಿವಿಗೊಟ್ಟು ಕೇಳಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋಗುವಾಗ ‘ಟಿಕ್ ಟಿಕ್’ ಎಂದರೆ ಹೊರಗಿನ ಸಿ.ವಿ. ಜಾಯಿಂಟ್. ಆಕ್ಸಿಲರೇಟರ್ ತುಳಿದಾಗ ಮಾತ್ರ ಮೈ ನಡುಗಿ, ಬಿಟ್ಟೊಡನೆ ನಿಂತರೆ ಒಳಜಾಯಿಂಟ್. ತುಳಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗದಲ್ಲಿ ಕೂಗಿದರೆ ಕ್ರೌನ್ ಪಿನಿಯನ್. ಗಾಡಿಯನ್ನು ಎಡಕ್ಕೂ ಬಲಕ್ಕೂ ವಾಲಿಸಿದಂತೆ ಗುಂಯ್‌ಗುಡುವ ಸದ್ದು ಏರಿಳಿದರೆ ವೀಲ್ ಬೇರಿಂಗ್. ನಡುಕದ ಮೂಲ ತಿಳಿಯದಿದ್ದರೆ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ, 50 ಕಿ.ಮೀ. ಎಂದುಕೊಳ್ಳಿ, ಮೂರನೇ ಗೇರಿನಲ್ಲೊಮ್ಮೆ ನಾಲ್ಕನೇ ಗೇರಿನಲ್ಲೊಮ್ಮೆ ಓಡಿಸಿ. ಗೇರ್ ಬದಲಾದರೂ ನಡುಕ ಹಾಗೆಯೇ ಇದ್ದರೆ ತೊಂದರೆ ಗೇರ್ ಬಾಕ್ಸಿನ ಆಚೆ, ಶಾಫ್ಟ್, ಎಕ್ಸೆಲ್, ಗಾಲಿಗಳ ಕಡೆ ಇದೆ. ಗೇರಿನೊಂದಿಗೆ ನಡುಕವೂ ಬದಲಾದರೆ ಎಂಜಿನ್ ಮತ್ತು ಕ್ಲಚ್ಚಿನ ಕಡೆ ಹುಡುಕಿ.

ಆ ಜೀಪನ್ನು ಮಾಲೀಕರು ಎರಡು ವಾರದ ನಂತರ ತಂದು ತೋರಿಸಿದರು. ಹುಡುಗ ಕೆಳಗೆ ಮಲಗಿ ಶಾಫ್ಟ್ ಹಿಡಿದು ಅಲುಗಾಡಿಸಿದ, ನಾಲ್ಕು ಸರ್ಕ್ಲಿಪ್‌ಗಳೂ ಗ್ರೂವಿನಲ್ಲಿ ಪೂರ್ತಿ ಕೂತಿವೆಯೇ ಎಂದು ಟಾರ್ಚ್ ಹಿಡಿದು ಒಂದೊಂದನ್ನೂ ನೋಡಿದ. ಫ್ಲ್ಯಾಂಜ್ ಬೋಲ್ಟುಗಳಲ್ಲಿ ಒಂದು ಕಾಲು ಸುತ್ತು ಬಿಗಿಯಾಯಿತು, ಉಳಿದವು ಹಾಗೆಯೇ ಇದ್ದವು.